ಕಂಟ್ರೋಲ್ ಸ್ಲೈಡೂ ಕಂದು, ಟೆಸ್ಟ್ ಸ್ಲೈಡೂ ಕಂದು: 8-ಒಎಚ್‌ಡಿಜಿ ಆಂಟಿಬಾಡಿ ನಿಜಕ್ಕೂ ಏನನ್ನು ಹಿಡಿಯುತ್ತಿದೆ?

ಕಿಡ್ನಿಸ್ಲೈಡ್

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಗೊತ್ತಿದ್ದವರು ದಾರಿ ತೋರಿಸಿ.

ಕೆಲಸ ಇಷ್ಟು. ರ‍್ಯಾಟ್ ಕಿಡ್ನಿಗೆ ರಕ್ತ ಹೋಗುವುದನ್ನು 30 ನಿಮಿಷ ತಡೆದು, ಮತ್ತೆ ಬಿಟ್ಟು, 24 ಗಂಟೆ ಆದಮೇಲೆ ಅಂಗಾಂಶ ತೆಗೆದಿದ್ದೇವೆ. ಕಂಟ್ರೋಲ್ ಗುಂಪಿಗೆ ಹೊಟ್ಟೆ ತೆರೆದು ಹೊಲಿದಿದ್ದಷ್ಟೇ, ರಕ್ತ ತಡೆದಿಲ್ಲ. ಫಾರ್ಮಲಿನ್, ಪ್ಯಾರಾಫಿನ್, 4 ಮೈಕ್ರಾನ್ ಸೆಕ್ಷನ್. ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಫ್ರೀ ರ‍್ಯಾಡಿಕಲ್‌ಗಳ ಹಾವಳಿ, ತೋರಿಸಲು ಎರಡು ಆಂಟಿಬಾಡಿ ಇಟ್ಟುಕೊಂಡಿದ್ದೇನೆ. ಡಿಎನ್‌ಎ ಹಾನಿಗೆ 8-ಒಎಚ್‌ಡಿಜಿ, ಇದು ಮೌಸ್ ಮಾನೋಕ್ಲೋನಲ್. ಕೊಬ್ಬಿನ ಹಾನಿಗೆ 4-ಎಚ್‌ಎನ್‌ಇ, ಇದು ಮೊಲದ ಪಾಲಿಕ್ಲೋನಲ್.

ಮಾಡಿದ್ದು: ಸಿಟ್ರೇಟ್ ಬಫರ್ ಪಿಎಚ್ 6ರಲ್ಲಿ ಕುದಿಸಿ ಆಂಟಿಜೆನ್ ರಿಟ್ರೀವಲ್ (ಫಾರ್ಮಲಿನ್ ಮುಚ್ಚಿದ ಜಾಗ ತೆರೆಯುವುದು), ಆಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಬ್ಲಾಕಿಂಗ್, ಪ್ರೈಮರಿ ಆಂಟಿಬಾಡಿ ರಾತ್ರಿಯಿಡೀ, ಬಯೋಟಿನ್-ಸ್ಟ್ರೆಪ್ಟಾವಿಡಿನ್ ಕಿಟ್, ಕೊನೆಗೆ ಡಿಎಬಿ (ಪೆರಾಕ್ಸಿಡೇಸ್ ಕಿಣ್ವ ಇದ್ದಲ್ಲಿ ಕಂದಾಗುವ ವಸ್ತು).

ಆಗಿದ್ದು: 8-ಒಎಚ್‌ಡಿಜಿ ಎರಡೂ ಗುಂಪಿನಲ್ಲಿ ಗಾಢ ಕಂದು. ಅದೂ ನ್ಯೂಕ್ಲಿಯಸ್‌ನಲ್ಲಿ ಕಡಿಮೆ, ಸೈಟೋಪ್ಲಾಸಂನಲ್ಲಿ ಜಾಸ್ತಿ. ಡಿಎನ್‌ಎ ಇರುವುದು ನ್ಯೂಕ್ಲಿಯಸ್‌ನಲ್ಲಿ ಅಲ್ವಾ? 4-ಎಚ್‌ಎನ್‌ಇ ಕೂಡ ಎಲ್ಲೆಡೆ ಹರಡಿದೆ. ಗೈಡ್ ಹೇಳುವುದು, ಆಂಟಿಬಾಡಿ ಕೆಟ್ಟಿದೆ, ಬೇರೆ ಕಂಪನಿಯದು ತರಿಸು ಅಂತ. ನನಗೇಕೋ ಹಾಗನ್ನಿಸುತ್ತಿಲ್ಲ.

ಹಳೇಮೈಕ್ರೊಟೋಮ್

ಹೊಸದು ತರಿಸುವ ಮೊದಲು ಒಂದು ಪ್ರಶ್ನೆ. ಪ್ರೈಮರಿ ಹಾಕದೆ ಬರೀ ಸೆಕೆಂಡರಿ (ಪ್ರೈಮರಿಗೆ ಅಂಟುವ ಎರಡನೇ ಆಂಟಿಬಾಡಿ) ಹಾಕಿದ ಸ್ಲೈಡ್ ಇದೆಯಾ? ಅದು ಹೇಗೆ ಕಾಣುತ್ತದೆ?

ಕಿಡ್ನಿಸ್ಲೈಡ್

ಇದೆ ಸರ್. ಪೂರ್ತಿ ಸ್ವಚ್ಛ ಅಲ್ಲ. ಟ್ಯೂಬ್ಯೂಲ್‌ಗಳಲ್ಲಿ ತಿಳಿ ಕಂದು ಇದೆ. ರಕ್ತನಾಳದ ಒಳಗೂ ಸ್ವಲ್ಪ. ಕಡಿಮೆ ಇದೆಯಲ್ಲ ಅಂತ ಬಿಟ್ಟಿದ್ದೆ.

ಹಳೇಮೈಕ್ರೊಟೋಮ್

ಬಿಡಬಾರದಿತ್ತು. ಅಲ್ಲೇ ಎರಡು ವಿಷಯ ಅಡಗಿದೆ.

ಮೊದಲನೆಯದು ಬಯೋಟಿನ್. ಕಿಡ್ನಿ ಮತ್ತು ಲಿವರ್‌ನಲ್ಲಿ ಅಂಗಾಂಶದ್ದೇ ಬಯೋಟಿನ್ ತುಂಬ ಇರುತ್ತದೆ. ಬಿಸಿ ಮಾಡಿ ರಿಟ್ರೀವಲ್ ಮಾಡಿದಾಗ ಅದು ಇನ್ನೂ ಚೆನ್ನಾಗಿ ತೆರೆದುಕೊಳ್ಳುತ್ತದೆ. ನಿಮ್ಮ ಕಿಟ್‌ನ ಸ್ಟ್ರೆಪ್ಟಾವಿಡಿನ್ ನೇರವಾಗಿ ಹೋಗಿ ಅದಕ್ಕೆ ಅಂಟುತ್ತದೆ, ಆಂಟಿಬಾಡಿಯ ಹಂಗೇ ಬೇಕಿಲ್ಲ. ಕಿಡ್ನಿಗೆ ಬಯೋಟಿನ್ ಕಿಟ್ ಬಿಟ್ಟುಬಿಡಿ. ಬಯೋಟಿನ್ ಇಲ್ಲದ ಪಾಲಿಮರ್ ಕಿಟ್ ಬಳಸಿ.

ಎರಡನೆಯದು ಇನ್ನೂ ಅಪಾಯದ್ದು. ಮೌಸ್ ಆಂಟಿಬಾಡಿಯನ್ನು ರ‍್ಯಾಟ್ ಅಂಗಾಂಶದ ಮೇಲೆ ಹಾಕಿದ್ದೀರಿ. ಮೌಸ್ ಐಜಿಜಿ (ರಕ್ತದ ಆಂಟಿಬಾಡಿ ಪ್ರೋಟೀನ್) ಮತ್ತು ರ‍್ಯಾಟ್ ಐಜಿಜಿ ತೀರಾ ಹತ್ತಿರದ ನೆಂಟರು. ಮಾಮೂಲಿ ಆಂಟಿ-ಮೌಸ್ ಸೆಕೆಂಡರಿ ರ‍್ಯಾಟ್‌ನ ರಕ್ತದಲ್ಲಿರುವ ಐಜಿಜಿಯನ್ನೂ ಹಿಡಿಯುತ್ತದೆ. ನಾಳದ ಒಳಗೆ ಕಂದು ಬಂದಿದ್ದು ಅದಕ್ಕೇ ಇರಬೇಕು. ಈಗ ಯೋಚಿಸಿ: ರಕ್ತ ತಡೆದು ಬಿಟ್ಟ ಕಿಡ್ನಿಯಲ್ಲಿ ನಾಳಗಳು ಸೋರುತ್ತವೆ. ಐಜಿಜಿ ಹೊರಗೆ ಬರುತ್ತದೆ. ಟೆಸ್ಟ್ ಗುಂಪಿನಲ್ಲಿ ಕಂದು ಜಾಸ್ತಿ ಕಾಣುತ್ತದೆ. ನೀವು ಅದನ್ನು ಡಿಎನ್‌ಎ ಹಾನಿ ಅಂತ ಬರೆಯುತ್ತೀರಿ. ಅದು ಬರೀ ಸೋರಿದ ಪ್ಲಾಸ್ಮಾ! ರ‍್ಯಾಟ್ ಸೀರಂ ಜೊತೆ ಅಡ್ಸಾರ್ಬ್ ಮಾಡಿದ, ಅಂದರೆ ರ‍್ಯಾಟ್ ಐಜಿಜಿ ಹಿಡಿಯುವ ಭಾಗ ತೆಗೆದುಹಾಕಿದ, ಸೆಕೆಂಡರಿ ಸಿಗುತ್ತದೆ, ಅದನ್ನೇ ತರಿಸಿ.

ನೀಲಿಶಾಯಿ

ಹಿರಿಯರು ಹೇಳಿದ್ದು ಸರಿ. ಆದರೆ ಸೈಟೋಪ್ಲಾಸಂ ಕಂದಿಗೆ ಮುಖ್ಯ ಕಾರಣ ಅದಲ್ಲ ಅಂತ ನನ್ನ ವಾದ. ಪ್ರೈಮರಿ ಇಲ್ಲದ ಸ್ಲೈಡ್ ತಿಳಿ ಕಂದು, ಇರುವ ಸ್ಲೈಡ್ ಗಾಢ ಕಂದು ಅಂದರೆ ಪ್ರೈಮರಿ ನಿಜವಾಗಿಯೂ ಏನನ್ನೋ ಹಿಡಿಯುತ್ತಿದೆ. ಅದು ಆರ್‌ಎನ್‌ಎ.

8-ಒಎಚ್‌ಡಿಜಿ ಅಂದರೆ ಆಕ್ಸಿಜನ್ ಸೇರಿಕೊಂಡ ಗ್ವಾನೀನ್, ಜೊತೆಗೊಂದು ಡಿಆಕ್ಸಿ ಸಕ್ಕರೆ. ಇದನ್ನು 1984ರಲ್ಲಿ ಕಸಾಯಿ ಮತ್ತು ನಿಶಿಮುರಾ ಕಂಡುಹಿಡಿದರು. ಆದರೆ ಗ್ವಾನೀನ್ ಆರ್‌ಎನ್‌ಎಯಲ್ಲೂ ಇದೆ, ಅದೂ ಇದೇ ರೀತಿ ಆಕ್ಸಿಡೈಸ್ ಆಗುತ್ತದೆ. ಹಲವು ಆಂಟಿಬಾಡಿಗಳು ನೋಡುವುದು ಬದಲಾದ ಆ ಬೇಸ್ ಅನ್ನು. ಸಕ್ಕರೆ ಯಾವುದು ಅಂತ ಅವು ಅಷ್ಟಾಗಿ ಕೇಳುವುದಿಲ್ಲ. ತುಂಬ ಕಡೆ ಬಳಸುವ 15ಎ3 ಅನ್ನುವ ಕ್ಲೋನ್ ಡಿಎನ್‌ಎ, ಆರ್‌ಎನ್‌ಎ ಎರಡನ್ನೂ ಹಿಡಿಯುತ್ತದೆ. ಮೇಲಾಗಿ ಆರ್‌ಎನ್‌ಎ ಬಹುಪಾಲು ಒಂಟಿ ಎಳೆ, ಪ್ರೋಟೀನ್ ಹೊದಿಕೆ ಕಡಿಮೆ. ಆಂಟಿಬಾಡಿಗೆ ಅದು ಸುಲಭದ ತುತ್ತು. ಡಿಎನ್‌ಎ ಎರಡೆಳೆ ಸುತ್ತಿಕೊಂಡು ಹಿಸ್ಟೋನ್ ಒಳಗೆ ಕೂತಿರುತ್ತದೆ.

1999ರಲ್ಲಿ ಅಲ್ಝೈಮರ್ ಮೆದುಳಿನ ಮೇಲೆ ನುನೊಮುರಾ ಮತ್ತು ಜೊತೆಯವರು ಇದನ್ನೇ ತೋರಿಸಿದರು. ನ್ಯೂರಾನ್‌ಗಳ ಸೈಟೋಪ್ಲಾಸಂ ಸ್ಟೇನ್ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಹಾಕಿದಾಗ ಬಹಳ ಇಳಿಯಿತು. ಡಿಎನ್‌ಏಸ್ ಹಾಕಿದಾಗ ಸ್ವಲ್ಪವೇ ಇಳಿಯಿತು.

ನೀವು ಮಾಡಬೇಕಾದ್ದು: ಒಂದೇ ಬ್ಲಾಕ್‌ನಿಂದ ಸಾಲಾಗಿ ಕತ್ತರಿಸಿದ ನಾಲ್ಕು ಸೆಕ್ಷನ್. ಒಂದಕ್ಕೆ ಬರೀ ಬಫರ್, ಒಂದಕ್ಕೆ ಆರ್‌ಎನ್‌ಏಸ್ ಎ, ಒಂದಕ್ಕೆ ಡಿಎನ್‌ಏಸ್, ಒಂದಕ್ಕೆ ಎರಡೂ. ಬಫರ್ ಸ್ಲೈಡನ್ನೂ ಅಷ್ಟೇ ಹೊತ್ತು 37 ಡಿಗ್ರಿಯಲ್ಲಿ ಇಡಿ. ಇಲ್ಲದಿದ್ದರೆ ಹೋಲಿಕೆಯೇ ತಪ್ಪು.

ಹೊಸಬ23

ಕ್ಷಮಿಸಿ, ತೀರಾ ಮೂಲದ ಪ್ರಶ್ನೆ. ಇಷ್ಟೆಲ್ಲ ಸುತ್ತುಬಳಸು ಯಾಕೆ? ಫ್ರೀ ರ‍್ಯಾಡಿಕಲ್‌ಗೇ ನೇರ ಆಂಟಿಬಾಡಿ ಮಾಡಬಾರದಾ?

ಮಿಂಚುಹುಳ

ಒಳ್ಳೆಯ ಪ್ರಶ್ನೆ, ಕ್ಷಮೆ ಯಾಕೆ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬದುಕುವುದು ನ್ಯಾನೋಸೆಕೆಂಡ್ ಲೆಕ್ಕದಲ್ಲಿ. ಹುಟ್ಟಿದ ಜಾಗದಲ್ಲೇ ಪಕ್ಕದ ಅಣುವಿಗೆ ಹೊಡೆದು ಮುಗಿದುಹೋಗುತ್ತದೆ. ನೀವು ಅಂಗಾಂಶವನ್ನು ಫಾರ್ಮಲಿನ್‌ಗೆ ಹಾಕುವ ಹೊತ್ತಿಗೆ ಅದು ಇರುವುದೇ ಇಲ್ಲ. ಮೇಲಾಗಿ ಅಷ್ಟು ಪುಟ್ಟ ಅಣುವಿನಲ್ಲಿ ಆಂಟಿಬಾಡಿ ಹಿಡಿದುಕೊಳ್ಳಲು ಏನೂ ಇಲ್ಲ. ಹಾಗಾಗಿ ಅದು ಬಿಟ್ಟುಹೋದ ಹೆಜ್ಜೆಗುರುತು ಹುಡುಕುತ್ತೇವೆ. ಡಿಎನ್‌ಎ ಮೇಲೆ 8-ಒಎಚ್‌ಡಿಜಿ, ಕೊಬ್ಬು ಒಡೆದು ಪ್ರೋಟೀನಿಗೆ ಅಂಟಿದ 4-ಎಚ್‌ಎನ್‌ಇ ಮತ್ತು ಎಂಡಿಎ, ಟೈರೋಸೀನ್ ಮೇಲೆ ನೈಟ್ರೋ ಗುಂಪು, ಪ್ರೋಟೀನ್ ಕಾರ್ಬೊನಿಲ್. ಇವೆಲ್ಲ ಉಳಿಯುತ್ತವೆ.

ತಾಜಾ ಅಂಗಾಂಶ ಇದ್ದರೆ ಫ್ರೋಜನ್ ಸೆಕ್ಷನ್ ಮೇಲೆ ಡಿಎಚ್‌ಇ ಬಣ್ಣ ಹಾಕುವ ರೂಢಿ ಇದೆ, ಕೆಂಪು ಮಿನುಗು ಬರುತ್ತದೆ.

ನೀಲಿಶಾಯಿ

ಡಿಎಚ್‌ಇ ವಿಷಯದಲ್ಲಿ ಒಂದು ತಿದ್ದುಪಡಿ. ಕೆಂಪು ಬಂದ ಮಾತ್ರಕ್ಕೆ ಸೂಪರ್‌ಆಕ್ಸೈಡ್ (ಇನ್ನೊಂದು ಫ್ರೀ ರ‍್ಯಾಡಿಕಲ್) ಅನ್ನುವಂತಿಲ್ಲ. ಸೂಪರ್‌ಆಕ್ಸೈಡ್‌ನಿಂದ ಬರುವ ವಸ್ತು ಬೇರೆ, ಬೇರೆ ಆಕ್ಸಿಡೈಸರ್‌ಗಳಿಂದ ಬರುವ ಎಥಿಡಿಯಂ ಬೇರೆ. ಎರಡೂ ಕೆಂಪಗೇ ಮಿನುಗುತ್ತವೆ. ಎಚ್‌ಪಿಎಲ್‌ಸಿಯಲ್ಲಿ ಬೇರ್ಪಡಿಸಿ ನೋಡಿದರೆ ಮಾತ್ರ ಗೊತ್ತಾಗುವುದು. 2022ರಲ್ಲಿ ಈ ಕ್ಷೇತ್ರದ ದೊಡ್ಡ ಗುಂಪೊಂದು ಅಳತೆ ಹೇಗಿರಬೇಕು ಅಂತ ನೇಚರ್ ಮೆಟಬಾಲಿಸಂನಲ್ಲಿ ಬರೆದಿದೆ. ಇಂಥ ಎಚ್ಚರಿಕೆಗಳೆಲ್ಲ ಅಲ್ಲಿವೆ.

ಮಿಂಚುಹುಳ

ಒಪ್ಪಿದೆ. ಮೈಕ್ರೋಸ್ಕೋಪ್ ಕೆಳಗೆ ಅವೆರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಲಿಪಿಡ್‌ಲೋಕ

ಇಷ್ಟು ಜನ ಓದಿದರೂ ಒಂದು ಮಾತನ್ನು ಯಾರೂ ಎತ್ತಲಿಲ್ಲ. ಆಕ್ಸಿಡೇಶನ್ ಅಳೆಯಬೇಕಾದ ಸೆಕ್ಷನ್ ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ ಸುರಿದಿದ್ದಾರೆ! ಅದೂ ಪ್ರೈಮರಿಗೆ ಮೊದಲು. ಅಂಗಾಂಶದಲ್ಲಿ ಕಬ್ಬಿಣ ಇದೆ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಇದು ಫೆಂಟನ್ ರಿಯಾಕ್ಷನ್, ಪಾಠದಲ್ಲಿ ಓದಿದ್ದೇ ಅಲ್ವಾ?

ಹಳೇಮೈಕ್ರೊಟೋಮ್

ಅದನ್ನು ಬಿಡಲು ಆಗುವುದಿಲ್ಲ. ಕೆಂಪು ರಕ್ತಕಣ, ನ್ಯೂಟ್ರೋಫಿಲ್ ಎಲ್ಲದರಲ್ಲೂ ಪೆರಾಕ್ಸಿಡೇಸ್ ಕೆಲಸ ಮಾಡುವ ವಸ್ತು ಇದೆ. ರಕ್ತ ಕಟ್ಟಿಕೊಂಡ ಕಿಡ್ನಿಯಲ್ಲಿ ಇನ್ನೂ ಜಾಸ್ತಿ. ಅದನ್ನು ಕೊಲ್ಲದೆ ಡಿಎಬಿ ಹಾಕಿದರೆ ಸ್ಲೈಡ್ ತುಂಬ ಸುಳ್ಳು ಕಂದು. ಇನ್ನೊಂದು, ಎರಡೂ ಗುಂಪಿಗೆ ಒಂದೇ ಪೆರಾಕ್ಸೈಡ್, ಒಂದೇ ಹೊತ್ತು. ವ್ಯತ್ಯಾಸ ಉಳಿಯಬೇಕಲ್ಲ?

ಲಿಪಿಡ್‌ಲೋಕ

ಉಳಿಯಬೇಕಾಗಿಲ್ಲ ಸರ್. ಎರಡು ಲೋಟದಲ್ಲಿ ಒಂದರಲ್ಲಿ ಒಂದು ಚಮಚ ನೀರು, ಇನ್ನೊಂದರಲ್ಲಿ ಎರಡು ಚಮಚ ಅಂದುಕೊಳ್ಳಿ. ಎರಡಕ್ಕೂ ಹತ್ತು ಹತ್ತು ಚಮಚ ಸುರಿದರೆ ಹನ್ನೊಂದು, ಹನ್ನೆರಡು. ದುಪ್ಪಟ್ಟಾಗಿದ್ದ ವ್ಯತ್ಯಾಸ ಕಣ್ಣಿಗೇ ಕಾಣದಷ್ಟಾಯಿತು. ಡಿಎಬಿ ಗಾಢವಾದಷ್ಟೂ ಕಣ್ಣಿಗೆ ಎಲ್ಲ ಒಂದೇ.

ನಾನು ಪೆರಾಕ್ಸೈಡ್ ಬೇಡ ಅನ್ನುತ್ತಿಲ್ಲ. ಕ್ರಮ ಬದಲಿಸಿ ಅನ್ನುತ್ತಿದ್ದೇನೆ. ಮೊದಲು ಪ್ರೈಮರಿ, ತೊಳೆಯುವುದು, ಆಮೇಲೆ ಪೆರಾಕ್ಸೈಡ್, ಆಮೇಲೆ ಎಚ್‌ಆರ್‌ಪಿ (ಡಿಎಬಿಯನ್ನು ಕಂದಾಗಿಸುವ ಪೆರಾಕ್ಸಿಡೇಸ್) ಇರುವ ಪಾಲಿಮರ್. ಆ ಹೊತ್ತಿಗೆ ಪ್ರೈಮರಿ ಅಂಟಿ ಆಗಿರುತ್ತದೆ. ಹೊಸದಾಗಿ ಹುಟ್ಟಿದ ಹಾನಿಗೆ ಅಂಟಲು ಬಿಡಿ ಆಂಟಿಬಾಡಿ ಉಳಿದಿರುವುದಿಲ್ಲ. ಪೆರಾಕ್ಸೈಡ್ ಕೂಡ 0.3% ಸಾಕಾಗಬಹುದು, ಪ್ರೈಮರಿ ಇಲ್ಲದ ಸ್ಲೈಡಿನಲ್ಲಿ ನೋಡಿಕೊಳ್ಳಿ.

ಹಳೇಮೈಕ್ರೊಟೋಮ್

ಕ್ರಮ ಬದಲಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಕಾರಣ ಅದೇ ಅಂತ ಈಗಲೇ ತೀರ್ಪು ಕೊಡಬೇಡಿ. ಮೊದಲು ಹಾಕಿದ್ದು, ಆಮೇಲೆ ಹಾಕಿದ್ದು, ಎರಡನ್ನೂ ಒಂದೇ ದಿನ ಪಕ್ಕಪಕ್ಕ ಮಾಡಿ ನೋಡಲಿ. ಸ್ಲೈಡೇ ಹೇಳುತ್ತದೆ.

ಬಿಳಿಕೋಟು

ಪೆರಾಕ್ಸಿಡೇಸ್ ಬದಲು ಅಲ್ಕಲೈನ್ ಫಾಸ್ಫಟೇಸ್ ಕಿಟ್, ಕೆಂಪು ಬಣ್ಣ. ಪೆರಾಕ್ಸೈಡ್ ಬೇಕಾಗುವುದೇ ಇಲ್ಲ. ಮುಗೀತು.

ಹಳೇಮೈಕ್ರೊಟೋಮ್

ಕಿಡ್ನಿಯ ಪ್ರಾಕ್ಸಿಮಲ್ ಟ್ಯೂಬ್ಯೂಲ್ ಅಂಚಿನಲ್ಲಿ ಅಲ್ಕಲೈನ್ ಫಾಸ್ಫಟೇಸ್ ತಾನೇ ಬೇಕಾದಷ್ಟಿದೆ. ಅದನ್ನು ತಡೆಯುವ ಲೆವಮಿಸೋಲ್ ಹಾಕಲೇಬೇಕು.

ಬಿಳಿಕೋಟು

ಹೌದು, ಆದರೆ ಪ್ಯಾರಾಫಿನ್ ಆಗಿ, ಮೇಲೆ ಕುದಿಸಿದ ಸೆಕ್ಷನ್‌ನಲ್ಲಿ ಬಹುಪಾಲು ಸತ್ತಿರುತ್ತದೆ. ಉಳಿದಿದ್ದಕ್ಕೆ ಲೆವಮಿಸೋಲ್ ಕಿಡ್ನಿಯಲ್ಲಿ ಕೆಲಸ ಮಾಡುತ್ತದೆ. ಕರುಳಿನ ಫಾಸ್ಫಟೇಸ್ ಮಾತ್ರ ಅದಕ್ಕೆ ಬಗ್ಗುವುದಿಲ್ಲ.

ಕಿಡ್ನಿಸ್ಲೈಡ್

ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಒಂದು ವಿಷಯ ಕೇಳಬೇಕು. ಗೈಡ್ ಹೇಳಿದ ಬೇರೆ ಆಂಟಿಬಾಡಿ ಹುಡುಕುವಾಗ ಕೆಲವು ಕಡೆ ನಾಕ್‌ಔಟ್ ಪರೀಕ್ಷೆ ಆಗಿದೆ ಅಂತ ಬರೆದಿರುತ್ತಾರೆ. 8-ಒಎಚ್‌ಡಿಜಿಗೂ ಅಂಥದ್ದು ಸಿಗುತ್ತದಾ?

ನೀಲಿಶಾಯಿ

ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. ಈ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ.

ಆಂಟಿಬಾಡಿ ಸರಿಯಿದೆಯಾ ಅಂತ ನೋಡಲು ಐದು ದಾರಿಗಳನ್ನು 2016ರಲ್ಲಿ ಉಹ್ಲೆನ್ ಮತ್ತು ಜೊತೆಯವರು ನೇಚರ್ ಮೆಥಡ್ಸ್‌ನಲ್ಲಿ ಬರೆದರು. ಮೊದಲನೆಯದೇ ಜೀನ್ ತೆಗೆದು ನೋಡುವುದು. ಜೀನ್ ಇಲ್ಲದ ಪ್ರಾಣಿಯಲ್ಲಿ ಸ್ಟೇನ್ ಬಂದರೆ ಆಂಟಿಬಾಡಿ ಸುಳ್ಳು. ಪ್ರೋಟೀನಿಗೆ ಇದು ಭದ್ರವಾದ ದಾರಿ. ಆದರೆ 8-ಒಎಚ್‌ಡಿಜಿಗೆ ಜೀನ್ ಎಲ್ಲಿದೆ? 4-ಎಚ್‌ಎನ್‌ಇಗೆ, ನೈಟ್ರೋಟೈರೋಸೀನ್‌ಗೆ ಎಲ್ಲಿದೆ? ಇವು ರಾಸಾಯನಿಕ ಗಾಯಗಳು. ಗಾಯವನ್ನು ನಾಕ್‌ಔಟ್ ಮಾಡಲು ಬರುವುದಿಲ್ಲ. ಹಾಗಾಗಿ ಕಂಟ್ರೋಲ್ ಕೂಡ ರಾಸಾಯನಿಕವೇ ಆಗಬೇಕು.

ಇದರಲ್ಲಿ ನನಗೆ ಅತಿ ಚಂದ ಅನ್ನಿಸುವುದು ನೈಟ್ರೋಟೈರೋಸೀನ್‌ದು. ಸೆಕ್ಷನ್ ಮೇಲೆ ಸೋಡಿಯಂ ಡೈಥಯೋನೈಟ್ ಹಾಕಿದರೆ ನೈಟ್ರೋ ಗುಂಪು ಅಮೈನೋ ಗುಂಪಾಗುತ್ತದೆ. ಪ್ರೋಟೀನ್ ಅಲ್ಲೇ ಇದೆ, ಟೈರೋಸೀನ್ ಅಲ್ಲೇ ಇದೆ, ಹೋಗಿದ್ದು ಆ ಗಾಯ ಒಂದೇ. ಆಗಲೂ ಕಂದು ಬಂದರೆ ಆ ಕಂದು ನೈಟ್ರೋಟೈರೋಸೀನ್ ಅಲ್ಲ. ಇಷ್ಟು ನೇರವಾದ ಉತ್ತರ ನಾಕ್‌ಔಟ್‌ನಲ್ಲೂ ಸಿಗುವುದು ಕಷ್ಟ. ಪಾಸಿಟಿವ್ ಬೇಕಿದ್ದರೆ ಇನ್ನೊಂದು ಸೆಕ್ಷನ್‌ಗೆ ಟೈರೋಸೀನ್‌ಗೆ ನೈಟ್ರೋ ಗುಂಪು ಸೇರಿಸುವ ಪೆರಾಕ್ಸಿನೈಟ್ರೈಟ್ ಹಾಕಿ, ಪೂರ್ತಿ ಕಂದಾಗುತ್ತದೆ.

ಪ್ರೋಟೀನ್ ಕಾರ್ಬೊನಿಲ್‌ಗೆ ಡಿಎನ್‌ಪಿಎಚ್ (ಕಾರ್ಬೊನಿಲ್‌ಗೆ ಅಂಟಿ ಡಿಎನ್‌ಪಿ ಗುರುತು ಬಿಡುವ ವಸ್ತು) ಹಾಕಿ, ಅದರ ಮೇಲೆ ಡಿಎನ್‌ಪಿ ಆಂಟಿಬಾಡಿ ಹಾಕುತ್ತೇವಲ್ಲ, ಅಲ್ಲಿ ಮೊದಲೇ ಬೋರೋಹೈಡ್ರೈಡ್ ಹಾಕಿ ಕಾರ್ಬೊನಿಲ್ ಅಳಿಸಿದ ಸ್ಲೈಡ್ ಇರಲೇಬೇಕು. 8-ಒಎಚ್‌ಡಿಜಿಗೆ ನ್ಯೂಕ್ಲಿಯೇಸ್ (ಆರ್‌ಎನ್‌ಏಸ್, ಡಿಎನ್‌ಏಸ್) ಕಂಟ್ರೋಲ್ ಜೊತೆಗೆ, ಶುದ್ಧ 8-ಒಎಚ್‌ಡಿಜಿಯನ್ನು ಆಂಟಿಬಾಡಿ ಜೊತೆ ಮೊದಲೇ ಬೆರೆಸಿಟ್ಟ ಸ್ಲೈಡ್. ಮಾಮೂಲಿ ಡಿಆಕ್ಸಿಗ್ವಾನೊಸೀನ್ ಬೆರೆಸಿದ್ದು ಇನ್ನೊಂದು. ಮೊದಲನೆಯದರಲ್ಲಿ ಸ್ಟೇನ್ ಹೋಗಬೇಕು, ಎರಡನೆಯದರಲ್ಲಿ ಉಳಿಯಬೇಕು.

ಬಿಳಿಕೋಟು

ನೈಟ್ರೋಟೈರೋಸೀನ್ ಬಂದರೆ ಪೆರಾಕ್ಸಿನೈಟ್ರೈಟ್ ಇತ್ತು ಅಂತ ಅರ್ಥ, ಅಷ್ಟು ಖಚಿತ ಹಾಗಾದರೆ?

ನೀಲಿಶಾಯಿ

ಇಲ್ಲ, ಅದು ಬೇರೆ ಪ್ರಶ್ನೆ. ಡೈಥಯೋನೈಟ್ ಹೇಳುವುದು ಅಲ್ಲಿ ನೈಟ್ರೋ ಗುಂಪು ಇತ್ತು ಅಂತ ಮಾತ್ರ. ಅದನ್ನು ಯಾರು ಇಟ್ಟರು ಅಂತ ಹೇಳುವುದಿಲ್ಲ. ನ್ಯೂಟ್ರೋಫಿಲ್‌ನ ಮಯಲೋಪೆರಾಕ್ಸಿಡೇಸ್ ಕೂಡ ನೈಟ್ರೈಟ್ ಮತ್ತು ಪೆರಾಕ್ಸೈಡ್ ಬಳಸಿ ಅದೇ ಕೆಲಸ ಮಾಡುತ್ತದೆ. ರಕ್ತ ತಡೆದು ಬಿಟ್ಟ ಕಿಡ್ನಿಗೆ ನ್ಯೂಟ್ರೋಫಿಲ್ ಬಂದೇ ಬರುತ್ತವೆ.

ಲಿಪಿಡ್‌ಲೋಕ

ಈಗ 4-ಎಚ್‌ಎನ್‌ಇ ಕಡೆ ಬರೋಣ, ಪಾಪ ಅದನ್ನು ಯಾರೂ ಕೇಳುತ್ತಿಲ್ಲ.

ಒಮೆಗಾ-6 ಕೊಬ್ಬು ಆಕ್ಸಿಡೈಸ್ ಆಗಿ ಒಡೆದಾಗ ಬರುವ ಆಲ್ಡಿಹೈಡ್ ಇದು. ಎಸ್ಟರ್‌ಬಾವರ್ ಮತ್ತು ಜೊತೆಯವರು 1991ರಲ್ಲಿ ಬರೆದ ವಿಮರ್ಶೆಯನ್ನು ಇವತ್ತಿಗೂ ಎಲ್ಲರೂ ತೆರೆಯುತ್ತಾರೆ. ಬಿಡಿ 4-ಎಚ್‌ಎನ್‌ಇ ಅಂಗಾಂಶದಲ್ಲಿ ನಿಲ್ಲುವುದಿಲ್ಲ. ಸಿಸ್ಟೀನ್, ಹಿಸ್ಟಿಡೀನ್, ಲೈಸೀನ್ ಮೇಲೆ ಅಂಟಿಕೊಳ್ಳುತ್ತದೆ. ಆಂಟಿಬಾಡಿ ಹಿಡಿಯುವುದು ಆ ಅಂಟಿಕೊಂಡ ರೂಪವನ್ನು. ಅದಕ್ಕೇ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿ ಹಾಕಿ ನೋಡುವುದು) ಒಂದು ಗೆರೆ ಬರುವುದಿಲ್ಲ, ಮೇಲಿಂದ ಕೆಳಗೆ ಹತ್ತಾರು ಗೆರೆ. ಅದು ಸರಿಯೇ. ಹತ್ತಾರು ಪ್ರೋಟೀನಿಗೆ ಅಂಟಿದೆ ಅಂತ ಅರ್ಥ.

ನಿಮ್ಮ ಆಂಟಿಬಾಡಿಯ ಕಾಗದದಲ್ಲಿ ಎರಡು ವಿಷಯ ನೋಡಿ. ಒಂದು, ಯಾವ ಪ್ರೋಟೀನಿಗೆ ಕಟ್ಟಿ ಮೊಲಕ್ಕೆ ಚುಚ್ಚಿದರು? ಬಿಎಸ್‌ಎಗೆ (ದನದ ಸೀರಂನ ಆಲ್ಬುಮಿನ್) ಕಟ್ಟಿದ್ದರೆ, ಆ ಸೀರಂನಲ್ಲಿ ಬಿಎಸ್‌ಎ ವಿರುದ್ಧದ ಆಂಟಿಬಾಡಿಯೂ ಇರಬಹುದು. ನೀವು ಬಿಎಸ್‌ಎಯಲ್ಲೇ ಬ್ಲಾಕ್ ಮಾಡಿದರೆ ಸ್ಲೈಡ್ ತುಂಬ ಅದೇ ಕೂತಿರುತ್ತದೆ. ಎರಡು, ಅಂಟಿದ ರೂಪವನ್ನು ಬೋರೋಹೈಡ್ರೈಡ್‌ನಿಂದ ರೆಡ್ಯೂಸ್ ಮಾಡಿ ಚುಚ್ಚಿದ್ದಾರಾ? ಹಾಗಿದ್ದರೆ ನಿಮ್ಮ ಸೆಕ್ಷನ್‌ಗೂ ಅದನ್ನು ಹಾಕಬೇಕು, ಇಲ್ಲದಿದ್ದರೆ ಆಂಟಿಬಾಡಿಗೆ ಗುರುತೇ ಸಿಗುವುದಿಲ್ಲ.

ಕಿಡ್ನಿಸ್ಲೈಡ್

ಈಗಷ್ಟೇ ನೋಡಿದೆ. ಕೆಎಲ್‌ಎಚ್ ಅನ್ನುವ ಬೇರೆ ಪ್ರೋಟೀನಿಗೆ ಕಟ್ಟಿದ್ದು, ರೆಡ್ಯೂಸ್ ಮಾಡಿಲ್ಲ. ಅಲ್ಲಿಗೆ ಒಂದು ಚಿಂತೆ ಹೋಯಿತು.

ಹೊಸಬ23

ಫಾರ್ಮಲಿನ್ ಕೂಡ ಆಲ್ಡಿಹೈಡ್ ಅಲ್ವಾ? ಅದೂ ಪ್ರೋಟೀನಿಗೆ ಅಂಟುತ್ತದೆ. 4-ಎಚ್‌ಎನ್‌ಇ ಆಂಟಿಬಾಡಿಗೆ ಅದು ಗೊಂದಲ ಮಾಡುವುದಿಲ್ಲವೇ?

ಲಿಪಿಡ್‌ಲೋಕ

ಚೆನ್ನಾಗಿ ಕೇಳಿದಿರಿ. ಫಾರ್ಮಾಲ್ಡಿಹೈಡ್‌ನಲ್ಲಿ ಇರುವುದು ಒಂದೇ ಕಾರ್ಬನ್, 4-ಎಚ್‌ಎನ್‌ಇಯಲ್ಲಿ ಒಂಬತ್ತು. ಆಂಟಿಬಾಡಿ ಹಿಡಿಯುವುದು ಆ ಉದ್ದನೆಯ ಬಾಲ ಸೇರಿದ ಆಕಾರವನ್ನು. ಹಾಗಾಗಿ ಒಳ್ಳೆಯ ಆಂಟಿಬಾಡಿ ತಪ್ಪು ಮಾಡುವುದಿಲ್ಲ. ಆದರೆ ಫಾರ್ಮಲಿನ್ ಗಂಟು ಹಾಕಿ ಜಾಗ ಮುಚ್ಚುತ್ತದೆ, ಅದಕ್ಕೇ ರಿಟ್ರೀವಲ್. ನಿಜವಾದ ತೊಂದರೆ ಆಗುವುದು ಕಾರ್ಬೊನಿಲ್ ಅಳತೆಗೆ. ಆಲ್ಡಿಹೈಡ್ ಫಿಕ್ಸ್ ಮಾಡಿದ ಅಂಗಾಂಶದಲ್ಲಿ ಡಿಎನ್‌ಪಿಎಚ್ ಆ ಉಳಿದ ಆಲ್ಡಿಹೈಡನ್ನೂ ಹಿಡಿಯಬಹುದು. ಗ್ಲೂಟರಾಲ್ಡಿಹೈಡ್ ಆದರಂತೂ ಬೇಡವೇ ಬೇಡ.

ಮಿಂಚುಹುಳ

ನಾನು ಸೋತ ಕಥೆ ಒಂದು ಹೇಳುತ್ತೇನೆ. ವಯಸ್ಸಾದ ಮೌಸ್ ಮೆದುಳು, ಫ್ಲೂರೊಸೆನ್ಸ್‌ನಲ್ಲಿ 4-ಎಚ್‌ಎನ್‌ಇ. ಮುದಿ ಗುಂಪಿನಲ್ಲಿ ನ್ಯೂರಾನ್ ಒಳಗೆ ಚುಕ್ಕಿ ಚುಕ್ಕಿ ಹೊಳಪು, ಎಳೆಯದರಲ್ಲಿ ಏನೂ ಇಲ್ಲ. ಎಷ್ಟು ಖುಷಿಪಟ್ಟಿದ್ದೆ. ಜೊತೆಗಿದ್ದ ಅಕ್ಕ ಒಬ್ಬರು ಯಾವ ಆಂಟಿಬಾಡಿಯನ್ನೂ ಹಾಕದ ಸ್ಲೈಡ್ ಇಟ್ಟು ನೋಡು ಅಂದರು. ಅದೇ ಚುಕ್ಕಿ, ಅದೇ ಹೊಳಪು, ಎಲ್ಲ ಫಿಲ್ಟರ್‌ನಲ್ಲೂ. ಲಿಪೊಫಸ್ಸಿನ್, ವಯಸ್ಸಾದ ಕೋಶದಲ್ಲಿ ಕೂಡಿಕೊಳ್ಳುವ, ತಾನೇ ಹೊಳೆಯುವ ಕಸ!

ಬೇಸರದ ಸಂಗತಿ ಏನೆಂದರೆ ಲಿಪೊಫಸ್ಸಿನ್ ಕೂಡ ಆಕ್ಸಿಡೈಸ್ ಆದ ಕೊಬ್ಬು ಮತ್ತು ಪ್ರೋಟೀನ್‌ನಿಂದಲೇ ಆದದ್ದು. ಹಾಗಾಗಿ ಅಲ್ಲಿ ನಿಜವಾದ 4-ಎಚ್‌ಎನ್‌ಇಯೂ ಇರಬಹುದು. ಆದರೆ ನಾನು ನೋಡಿದ್ದು ಅದನ್ನಲ್ಲ. 70% ಆಲ್ಕೋಹಾಲ್‌ನಲ್ಲಿ 0.1% ಸುಡಾನ್ ಬ್ಲ್ಯಾಕ್ ಹಾಕಿ ಹೊಳಪನ್ನು ತಗ್ಗಿಸಿದ ಮೇಲೆ ಉಳಿದದ್ದು ಬಹಳ ಕಡಿಮೆ. ಆರು ತಿಂಗಳ ಚಿತ್ರಗಳನ್ನು ಪಕ್ಕಕ್ಕಿಟ್ಟೆ.

ಬಿಳಿಕೋಟು

ಡಿಎಬಿ ಬಳಸುವವರಿಗೂ ಇದೇ ಪಾಡು. ಲಿಪೊಫಸ್ಸಿನ್ ಸಾದಾ ಬೆಳಕಿನಲ್ಲೂ ಕಂದು. ಹೀಮೊಸಿಡೆರಿನ್, ಮೆಲನಿನ್ ಕೂಡ. ಕಂದಿನ ಮೇಲೆ ಕಂದು ಹುಡುಕಬೇಡಿ, ಕೆಂಪು ಬಣ್ಣಕ್ಕೆ ಹೋಗಿ.

ಸಾಲುಮರ

ಸ್ವಲ್ಪ ವಿಷಯ ಬಿಟ್ಟು: ಎನ್‌ಆರ್‌ಎಫ್2 (ಆಂಟಿಆಕ್ಸಿಡೆಂಟ್ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ವೆಸ್ಟರ್ನ್‌ನಲ್ಲಿ 66 ಕಿಲೋಡಾಲ್ಟನ್ ಹತ್ತಿರ ಗೆರೆ ಬಂದಿದೆ, ಲೆಕ್ಕಕ್ಕೆ ಸರಿಯಾಗಿದೆ. ಇದನ್ನು ಸ್ಟ್ರೆಸ್ ಮಾರ್ಕರ್ ಅಂತ ಹಾಕಬಹುದಾ?

ನೀಲಿಶಾಯಿ

ಆ ಗೆರೆಯನ್ನು ನಂಬಬೇಡಿ. ಲೆಕ್ಕದ ತೂಕ ಅಷ್ಟಾದರೂ ಜೆಲ್‌ನಲ್ಲಿ ಎನ್‌ಆರ್‌ಎಫ್2 ಓಡುವುದು 95ರಿಂದ 110ರ ನಡುವೆ. ತುಂಬ ಪೇಪರ್‌ಗಳಲ್ಲಿ ಕೆಳಗಿನ ಗೆರೆಯನ್ನೇ ತೋರಿಸಿ ದಾರಿ ತಪ್ಪಿದ್ದಾರೆ. ಇಲ್ಲಿ ನಿಮಗೆ ನಾಕ್‌ಔಟ್ ಕಂಟ್ರೋಲ್ ಸಿಗುತ್ತದೆ, ಅದಕ್ಕೆ ಜೀನ್ ಇದೆ. ಬಳಸಿ.

ಇನ್ನೊಂದು ಮಾತು. ಎನ್‌ಆರ್‌ಎಫ್2, ಎಚ್‌ಒ-1, ಎಸ್‌ಒಡಿ ಇವೆಲ್ಲ ಕೋಶದ ಪ್ರತಿಕ್ರಿಯೆ. ಗಾಯ ಬೇರೆ, ಗಾಯಕ್ಕೆ ಕಟ್ಟಿದ ಪಟ್ಟಿ ಬೇರೆ. ಎಚ್‌ಒ-1 ಬರೀ ಹೀಮ್ ಬಿದ್ದರೂ ಏರುತ್ತದೆ. 1985ರಲ್ಲಿ ಸೀಸ್ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವ ಹೆಸರು ಕೊಟ್ಟಾಗ ಹೇಳಿದ್ದು ಸಮತೋಲ ತಪ್ಪುವುದರ ಬಗ್ಗೆ. ಒಂದು ಬದಿಯ ತಕ್ಕಡಿ ಮಾತ್ರ ನೋಡಿ ಸಮತೋಲ ಹೇಳಲು ಆಗುವುದಿಲ್ಲ.

ಲೆಕ್ಕಪತ್ರ

ಸ್ಟೇನ್ ಸರಿಹೋದ ಮೇಲೆ ಎಣಿಸುವುದು ಹೇಗೆ ಅಂತ ಈಗಲೇ ತೀರ್ಮಾನಿಸಿ. ಒಂದು ಗುಂಪಿಗೆ ಎಷ್ಟು ಪ್ರಾಣಿ?

ಕಿಡ್ನಿಸ್ಲೈಡ್

ಆರು. ಪ್ರತಿ ಕಿಡ್ನಿಯಿಂದ ಹತ್ತು ಫೀಲ್ಡ್ ಫೋಟೊ. ಹಾಗಾಗಿ ಒಟ್ಟು 60.

ಲೆಕ್ಕಪತ್ರ

60 ಅಲ್ಲ. ಆರು. ಒಂದೇ ಕಿಡ್ನಿಯ ಹತ್ತು ಫೋಟೊ ಹತ್ತು ಪ್ರಾಣಿ ಆಗುವುದಿಲ್ಲ. ಹತ್ತರ ಸರಾಸರಿ ತೆಗೆದು ಒಂದು ಪ್ರಾಣಿಗೆ ಒಂದು ಅಂಕೆ ಕೊಡಿ. ಫೋಟೊ ತೆಗೆಯುವವರಿಗೆ, ಅಂಕ ಹಾಕುವವರಿಗೆ ಯಾವ ಗುಂಪು ಅಂತ ಗೊತ್ತಿರಬಾರದು.

ಇನ್ನು ಡಿಎಬಿ ಗಾಢತೆ ಅಳೆದು, ಎರಡು ಪಟ್ಟು ಕಂದು ಅಂದರೆ ಎರಡು ಪಟ್ಟು ಹಾನಿ ಅನ್ನಬೇಡಿ. ಡಿಎಬಿ ಬೆಳಕನ್ನು ಹೀರುವುದರ ಜೊತೆ ಚದುರಿಸುತ್ತದೆ ಕೂಡ. ಕಂದು ಮತ್ತು ಅಣುಗಳ ಸಂಖ್ಯೆಗೆ ನೇರ ಲೆಕ್ಕ ಇಲ್ಲ. ಎಷ್ಟು ನ್ಯೂಕ್ಲಿಯಸ್ ಪಾಸಿಟಿವ್ ಅಂತ ಎಣಿಸಿ. ಇಲ್ಲವೇ 0ರಿಂದ 300ರ ಎಚ್-ಸ್ಕೋರ್ (ಗಾಢತೆ ಮತ್ತು ಪಾಸಿಟಿವ್ ಕೋಶಗಳ ಪ್ರಮಾಣ ಸೇರಿಸಿದ ಅಂಕ) ಹಾಕಿ. ಎಣಿಸುವ ಸಾಫ್ಟ್‌ವೇರ್ ಕ್ಯೂಪಾತ್ ಉಚಿತವಾಗಿ ಸಿಗುತ್ತದೆ.

ಹಳೇಮೈಕ್ರೊಟೋಮ್

ಫೋಟೊ ಎಲ್ಲಿಂದ ತೆಗೆದಿರಿ?

ಕಿಡ್ನಿಸ್ಲೈಡ್

ಕಾರ್ಟೆಕ್ಸ್‌ನಿಂದ. ಗ್ಲೊಮೆರುಲಸ್ ಕಾಣುವ ಹಾಗೆ.

ಹಳೇಮೈಕ್ರೊಟೋಮ್

ಅಯ್ಯೋ. ರ‍್ಯಾಟ್‌ನಲ್ಲಿ ರಕ್ತ ತಡೆದಾಗ ಅತಿ ಹೆಚ್ಚು ಪೆಟ್ಟು ತಿನ್ನುವುದು ಪ್ರಾಕ್ಸಿಮಲ್ ಟ್ಯೂಬ್ಯೂಲ್‌ನ ಎಸ್3 ಭಾಗ. ಅದು ಇರುವುದು ಹೊರ ಮೆಡುಲ್ಲಾದ ಹೊರ ಪಟ್ಟಿಯಲ್ಲಿ. ಕಾರ್ಟೆಕ್ಸ್ ಮತ್ತು ಮೆಡುಲ್ಲಾ ಸೇರುವ ಗಡಿಯಿಂದ ಸ್ವಲ್ಪ ಒಳಗೆ ಹೋಗಿ ನೋಡಿ.

ಹಾಗೆಯೇ ಅಂಗಾಂಶ ತೆಗೆದು ಫಾರ್ಮಲಿನ್‌ಗೆ ಹಾಕುವವರೆಗೆ ಎಷ್ಟು ಹೊತ್ತಾಯಿತು? ಇಡೀ ಕಿಡ್ನಿ ಹಾಕಿದಿರಾ, ಸೀಳಿ ಹಾಕಿದಿರಾ? ಫಾರ್ಮಲಿನ್ ಒಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್. ಇಡಿಯಾಗಿ ಹಾಕಿದರೆ ನಡುಭಾಗ ಗಂಟೆಗಟ್ಟಲೆ ಹಸಿಯಾಗಿಯೇ ಇರುತ್ತದೆ, ಅಲ್ಲೇ ಆಕ್ಸಿಡೇಶನ್ ನಡೆಯುತ್ತಿರುತ್ತದೆ. ನಾನು ಕೆಲಸ ಮಾಡಿದ ಒಂದು ಲ್ಯಾಬ್‌ನಲ್ಲಿ ಕಂಟ್ರೋಲ್ ಪ್ರಾಣಿಗಳನ್ನು ಯಾವಾಗಲೂ ಕೊನೆಗೆ ತೆಗೆಯುತ್ತಿದ್ದರು. ಎಲ್ಲರೂ ಸುಸ್ತು, ಅಂಗಾಂಶ ಟ್ರೇಯಲ್ಲೇ ಕಾಯುತ್ತಿತ್ತು. ಕಂಟ್ರೋಲ್ ಸ್ಟೇನ್ ಯಾಕೆ ಜಾಸ್ತಿ ಅಂತ ಒಂದು ವರ್ಷ ತಲೆಕೆಡಿಸಿಕೊಂಡೆವು. ಗುಂಪುಗಳನ್ನು ಬೆರೆಸಿ ತೆಗೆದ ದಿನ ಅದು ನಿಂತಿತು.

ಕಿಡ್ನಿಸ್ಲೈಡ್

ಸೀಳಿ ಹಾಕಿದ್ದೇವೆ, ಐದು ನಿಮಿಷದೊಳಗೆ. ಗುಂಪುಗಳೂ ಬೆರೆತಿದ್ದವು. ಹೊರ ಮೆಡುಲ್ಲಾ ನೋಡಿರಲಿಲ್ಲ. ಎರಡು ವಾರ ಕೊಡಿ, ಎಲ್ಲ ಮಾಡಿ ಬಂದು ಹೇಳುತ್ತೇನೆ.

ನೀಲಿಶಾಯಿ

ಡಿಎನ್‌ಎ ಕಂದು ಬೇಕಿದ್ದರೆ ಎಳೆ ಬಿಡಿಸುವುದನ್ನು ಮರೆಯಬೇಡಿ. 2 ನಾರ್ಮಲ್ ಎಚ್‌ಸಿಎಲ್, ಆಮೇಲೆ ಟ್ರಿಸ್‌ನಲ್ಲಿ ಆಸಿಡ್ ಕಳೆಯುವುದು. ಚಾರ್ಜ್ ಇರುವ ಸ್ಲೈಡ್ ಬಳಸಿ, ಇಲ್ಲದಿದ್ದರೆ ಸೆಕ್ಷನ್ ತೇಲಿ ಹೋಗುತ್ತದೆ.

ಕಿಡ್ನಿಸ್ಲೈಡ್

ಹೇಳಿದ ಹಾಗೆ ಬಂದಿದ್ದೇನೆ. ಪಾಲಿಮರ್ ಕಿಟ್, ರ‍್ಯಾಟ್‌ಗೆ ಅಡ್ಸಾರ್ಬ್ ಮಾಡಿದ ಸೆಕೆಂಡರಿ. ಪ್ರೈಮರಿ ಇಲ್ಲದ ಸ್ಲೈಡ್ ಈಗ ನೀಲಿ ಬಿಟ್ಟರೆ ಏನೂ ಇಲ್ಲ. ಅದೇ ಹಳೆಯ ಆಂಟಿಬಾಡಿ, ಹೊಸದು ತರಿಸಲಿಲ್ಲ.

8-ಒಎಚ್‌ಡಿಜಿ: ಆರ್‌ಎನ್‌ಏಸ್ ಹಾಕಿದ ಸ್ಲೈಡಿನಲ್ಲಿ ಸೈಟೋಪ್ಲಾಸಂ ಕಂದು ಬಹುತೇಕ ಮಾಯ. ಎಚ್‌ಸಿಎಲ್ ಆದಮೇಲೆ ನ್ಯೂಕ್ಲಿಯಸ್ ಮೊದಲ ಸಲ ಸ್ಪಷ್ಟವಾಗಿ ಕಂಡಿತು. ಡಿಎನ್‌ಏಸ್‌ನಲ್ಲಿ ಅದೂ ಹೋಯಿತು. ಶುದ್ಧ 8-ಒಎಚ್‌ಡಿಜಿ ಬೆರೆಸಿದಾಗ ಎಲ್ಲವೂ ಹೋಯಿತು, ಮಾಮೂಲಿ ಡಿಆಕ್ಸಿಗ್ವಾನೊಸೀನ್‌ನಲ್ಲಿ ಉಳಿಯಿತು. ಪೆರಾಕ್ಸೈಡ್ ಮೊದಲು ಹಾಕಿದ್ದಕ್ಕೂ ಆಮೇಲೆ ಹಾಕಿದ್ದಕ್ಕೂ ವ್ಯತ್ಯಾಸ ಇದೆ. ಆಮೇಲೆ ಹಾಕಿದ್ದರಲ್ಲಿ ಎರಡೂ ಗುಂಪು ತಿಳಿಯಾಗಿದೆ.

ಆದರೆ ಗುಂಪುಗಳ ನಡುವೆ ನ್ಯೂಕ್ಲಿಯಸ್ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ಅಂತರ ಬರಲಿಲ್ಲ. 4-ಎಚ್‌ಎನ್‌ಇ ಮಾತ್ರ ಹೊರ ಮೆಡುಲ್ಲಾದಲ್ಲಿ ಚೆನ್ನಾಗಿ ಬೇರೆಯಾಗಿದೆ, ಆರೂ ಪ್ರಾಣಿಯಲ್ಲಿ. ಗೈಡ್‌ಗೆ 8-ಒಎಚ್‌ಡಿಜಿಯಲ್ಲೂ ಅಂತರ ಬೇಕು. ಹಳೆಯ ವಿಧಾನದ ಸ್ಲೈಡಿನಿಂದ ಚೆನ್ನಾಗಿ ಕಾಣುವ ಒಂದು ಫೋಟೊ ಆರಿಸು ಅನ್ನುತ್ತಿದ್ದಾರೆ. ನನಗೆ ಮನಸ್ಸಾಗುತ್ತಿಲ್ಲ.

ಲಿಪಿಡ್‌ಲೋಕ

ದಯವಿಟ್ಟು ಆರಿಸಬೇಡಿ. ಆ ಕಂದು ಏನು ಅಂತ ಈಗ ನಿಮಗೇ ಗೊತ್ತಿದೆ.

ಹಳೇಮೈಕ್ರೊಟೋಮ್

ಪೆರಾಕ್ಸೈಡ್ ವಿಷಯದಲ್ಲಿ ಲಿಪಿಡ್‌ಲೋಕ ಹೇಳಿದ್ದು ಈ ಸ್ಲೈಡ್‌ಗಳ ಮಟ್ಟಿಗೆ ಸರಿ ಅಂತಾಯಿತು. ನಾನೂ ನನ್ನ ಕ್ರಮ ಬದಲಿಸುತ್ತೇನೆ.

ಗೈಡ್ ಜೊತೆ ಜಗಳ ಬೇಡ. ನಾಲ್ಕು ನ್ಯೂಕ್ಲಿಯೇಸ್ ಸ್ಲೈಡ್‌ಗಳನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಅಂಟಿಸಿ ತೋರಿಸಿ. ಕಣ್ಣಾರೆ ಕಂಡದ್ದನ್ನು ಒಪ್ಪದ ಗೈಡ್ ಕಡಿಮೆ.

ನೀಲಿಶಾಯಿ

ಅಂತರ ಬಾರದಿರುವುದೂ ಅರ್ಥವಿರುವ ಉತ್ತರವೇ. 24 ಗಂಟೆ ಕಳೆದಿದೆ. ಒಜಿಜಿ1 ಎಂಬ ಕಿಣ್ವ ಡಿಎನ್‌ಎಯಿಂದ ಆ ಬೇಸನ್ನು ಕತ್ತರಿಸಿ ತೆಗೆಯುತ್ತಲೇ ಇರುತ್ತದೆ. ತುಂಬ ಹಾನಿಯಾದ ಕೋಶಗಳು ಸತ್ತು ಉದುರಿ ಹೋಗಿರಬಹುದು. ನಿಮ್ಮ ಸ್ಲೈಡ್ ತೋರಿಸುವುದು ಆದ ಹಾನಿಯನ್ನಲ್ಲ, ರಿಪೇರಿ ಆಗಿ ಉಳಿದದ್ದನ್ನು. ಇನ್ನೂ ಮೊದಲಿನ ಹೊತ್ತಿನ ಅಂಗಾಂಶ ಇದೆಯಾ? ಇನ್ನೊಂದು ಕಿಡ್ನಿ ಏನು ಮಾಡಿದಿರಿ?

ಕಿಡ್ನಿಸ್ಲೈಡ್

6 ಗಂಟೆಯ ಗುಂಪೊಂದಿದೆ, ಬ್ಲಾಕ್ ಮಾಡಿಟ್ಟಿದ್ದೇವೆ, ಕತ್ತರಿಸಿಲ್ಲ. ಎರಡೂ ಕಿಡ್ನಿಗೆ ರಕ್ತ ತಡೆದಿದ್ದೆವು. ಪ್ರತಿ ಪ್ರಾಣಿಯ ಒಂದು ಕಿಡ್ನಿ ಫಾರ್ಮಲಿನ್‌ಗೆ, ಇನ್ನೊಂದು ಮೈನಸ್ 80ರಲ್ಲಿ.

ನೀಲಿಶಾಯಿ

ಮತ್ತಿನ್ನೇನು! 6 ಗಂಟೆಯ ಬ್ಲಾಕ್ ಇವತ್ತೇ ಕತ್ತರಿಸಿ. ಕತ್ತರಿಸಿದ ಸೆಕ್ಷನ್‌ಗಳನ್ನು ಗಾಳಿಯಲ್ಲಿ ವಾರಗಟ್ಟಲೆ ಇಡಬೇಡಿ. 24 ಗಂಟೆಯ ಸೆಕ್ಷನ್‌ಗಳನ್ನೂ ಅದೇ ದಿನ ಹೊಸದಾಗಿ ಕತ್ತರಿಸಿ, ಜೊತೆಗೇ ಸ್ಟೇನ್ ಮಾಡಿ.

ಫ್ರೋಜನ್ ಕಿಡ್ನಿಯಿಂದ ಡಿಎನ್‌ಎ ತೆಗೆದು ಎಲ್‌ಸಿ-ಎಂಎಸ್‌ಗೆ (ಅಣುಗಳನ್ನು ಬೇರ್ಪಡಿಸಿ, ತೂಕದಿಂದ ಗುರುತಿಸಿ ಅಳೆಯುವ ಯಂತ್ರ) ಕಳಿಸಿ. ಆಂಟಿಬಾಡಿ ಎಲ್ಲಿ ಅಂತ ಹೇಳುತ್ತದೆ, ಎಂಎಸ್ ಎಷ್ಟು ಅಂತ ಹೇಳುತ್ತದೆ. ಎರಡೂ ಒಂದೇ ದಿಕ್ಕಿಗೆ ಹೋದರೆ ಯಾವ ರಿವ್ಯೂವರ್ ಬಂದರೂ ನಿಲ್ಲುತ್ತೀರಿ. ಒಂದೇ ಎಚ್ಚರ: ಡಿಎನ್‌ಎ ತೆಗೆಯುವಾಗಲೂ ಗ್ವಾನೀನ್ ಆಕ್ಸಿಡೈಸ್ ಆಗುತ್ತದೆ. ಡಿಎನ್‌ಎ ಆಕ್ಸಿಡೇಶನ್ ಅಳತೆ ಸರಿಪಡಿಸಲು ಸೇರಿದ ಯುರೋಪಿನ ಎಸ್ಕಾಡ್ ಗುಂಪು ವರ್ಷಗಟ್ಟಲೆ ಹೋರಾಡಿದ್ದು ಇದರ ಮೇಲೇ. ಫೀನಾಲ್ ಬೇಡ. ಬಫರ್‌ಗೆ ಕಬ್ಬಿಣ ಹಿಡಿಯುವ ಡೆಸ್ಫೆರಿಆಕ್ಸಮಿನ್ ಹಾಕಿ, ಎಲ್ಲವನ್ನೂ ತಣ್ಣಗಿಡಿ.

ಹೊಸಬ23

ಎಲಿಸಾ ಕಿಟ್ ಸಾಲದೇ? ಅದು ಸುಲಭ ಅಲ್ವಾ?

ಲಿಪಿಡ್‌ಲೋಕ

ಸುಲಭ ಹೌದು. ಆದರೆ ಅದರ ಒಳಗೂ ಇರುವುದು ಆಂಟಿಬಾಡಿಯೇ. ಸ್ಲೈಡಿನಲ್ಲಿ ಬಂದ ಅನುಮಾನವೇ ಅಲ್ಲೂ ಬರುತ್ತದೆ. ಮೂತ್ರದ ಸ್ಯಾಂಪಲ್‌ಗಳಲ್ಲಿ ಎಲಿಸಾ ಅಂಕೆ ಎಂಎಸ್ ಅಂಕೆಗಿಂತ ಮೇಲೇ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಬೇರೆ ದಾರಿಯಿಂದ ಖಾತ್ರಿ ಮಾಡಿಕೊಳ್ಳಬೇಕಾದಾಗ ಬೇರೆ ದಾರಿಯೇ ಬೇಕು.

ಕಿಡ್ನಿಸ್ಲೈಡ್

ನಾಲ್ಕು ಸ್ಲೈಡಿನ ಹಾಳೆ ಇವತ್ತು ಗೈಡ್‌ಗೆ ತೋರಿಸಿದೆ. ತುಂಬ ಹೊತ್ತು ಆರ್‌ಎನ್‌ಏಸ್ ಸ್ಲೈಡನ್ನೇ ನೋಡಿದರು. ಆಮೇಲೆ ಕೇಳಿದ್ದು ಒಂದೇ: "ನಮ್ಮ ಹಳೆಯ ಲಿವರ್ ಸ್ಲೈಡ್‌ಗಳಿಗೂ ಇದನ್ನು ಮಾಡಿದ್ದೀವಾ?" ಮಾಡಿಲ್ಲ. ಸೋಮವಾರದಿಂದ ಆ ಬ್ಲಾಕ್‌ಗಳನ್ನೂ ಕತ್ತರಿಸುತ್ತಿದ್ದೇನೆ. ಲಿವರ್‌ಗೂ ಆರ್‌ಎನ್‌ಏಸ್ ಹೊತ್ತು ಇಷ್ಟೇ ಸಾಕಾ, ಜಾಸ್ತಿ ಬೇಕಾ?

ನೀಲಿಶಾಯಿ

ಲಿವರ್ ಕೋಶದಲ್ಲಿ ರೈಬೊಸೋಮ್ ತುಂಬ. ಒಂದೇ ಬ್ಲಾಕ್ ತಗೊಂಡು ಅರ್ಧ ಗಂಟೆ, ಒಂದು, ಎರಡು ಗಂಟೆ ಮಾಡಿ ನೋಡಿ. ಸೈಟೋಪ್ಲಾಸಂ ಇನ್ನು ಇಳಿಯುವುದಿಲ್ಲ ಅನ್ನುವ ಹೊತ್ತನ್ನು ಹಿಡಿಯಿರಿ.